ಪ್ರೊಫೆಸರ್ ಹಾಗ್ಲಂಡ್ ಬರೆದ ಚಿತ್ರವಿವರಣೆ

ಅಮೆರಿಕದ ನಮ್ಮ ಡುಲುತ್ ಊರಿನ ಕಾಲೇಜಿನಲ್ಲಿ ಭೂವಿಜ್ಞಾನದ ಪ್ರೊಫೆಸರ್ ಆಗಿರುವ ಆರ್ವಿಡ್ ಹಾಗ್ಲಂಡ್ ಒಂದು ಕೆಲಸವನ್ನು ಹಿಡಿಯುವುದೇ ಅಪರೂಪ, ಹಿಡಿದರೆ ಬಿಡುವವನಲ್ಲ. ಅಂಗವಿಕಲ ವಿದ್ಯಾರ್ಥಿಗಳಿಗೂ ಪಾಠಗಳು ದಕ್ಕುವಂತೆ ನೋಡಿಕೊಳ್ಳುವುದು ಅದೇ ಕಾಲೇಜಿನಲ್ಲಿ ನನ್ನ ನೌಕರಿ. "ಮಾರಾಯ, ನಿನ್ನ ಪಾಠದ ಚಿತ್ರಗಳಿಗೆಲ್ಲ ಒಂದೊಂದು ಸಾಲು ವಿವರಣೆ ಬರಿ, ಕಣ್ಣು ಕಾಣದವರಿಗೆ ಕಂಪ್ಯೂಟರ್ ಅದನ್ನ ಓದಿ ಹೇಳತ್ತೆ" ಎಂದು ಮೂರು ವರ್ಷ ಅವನ ಹಿಂದೆ ಬಿದ್ದಿದ್ದೆ. ಅವನದು ಒಂದೇ ಉತ್ತರ, ಬೇಸಿಗೆ ರಜೆಯಲ್ಲಿ ಬರೀತೀನಿ. ಬೇಸಿಗೆ ಬಂದರೆ ಮೀನು ಹಿಡಿಯಲು ಹೋಗುತ್ತಿದ್ದ.

ಈ ವರ್ಷ ಅವನ ತರಗತಿಗೆ ಟೆಸ್ಸಾ ನೀಮಿ ಸೇರಿದಳು. ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ, ಬಾಯಿ ಮಾತ್ರ ಇಬ್ಬರಿಗಾಗುವಷ್ಟಿದೆ. ಜೂನ್ ತಿಂಗಳಲ್ಲಿ ಆರ್ವಿಡ್ ಕಲ್ಲುಬಂಡೆಗಳ ನಡುವೆ ನಡೆಸುವ ಶಿಬಿರಕ್ಕೆ ಹೋಗಲೇಬೇಕೆಂಬುದು ಅವಳ ಹಟ. ಅದಕ್ಕೆ ಕಲ್ಲು ಗುರುತಿಸುವ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹದಿನೈದಾದರೂ ಬರಬೇಕು.

ಕೊನೆಗೂ ಆರ್ವಿಡ್ ಒಂದು ಶನಿವಾರ, ಭಾನುವಾರ ಪಟ್ಟಾಗಿ ಕೂತು ಪಾಠದ ಚಿತ್ರಗಳಿಗೂ ಪರೀಕ್ಷೆಯ ಚಿತ್ರಗಳಿಗೂ ವಿವರಣೆ ಬರೆದ. ತಪಾಸಣೆಯ ತಂತ್ರಾಂಶ ನೂರಕ್ಕೆ ನೂರು ಎಂದು ಹಸಿರು ತೋರಿಸಿತು. ಆ ಪುಟವನ್ನು ಪ್ರಿಂಟ್ ಮಾಡಿ ನನ್ನ ಬಾಗಿಲಿಗೆ ಅಂಟಿಸಿ ಹೋದ. ವಿವರಣೆ ಇದೆಯೇ ಎಂದಷ್ಟೇ ಆ ತಂತ್ರಾಂಶ ನೋಡುತ್ತದೆ, ಏನು ಬರೆದಿದೆ ಎಂದಲ್ಲ. ಇದು ಗೊತ್ತಿದ್ದೂ ನಾನು ಹಸಿರು ನೋಡಿ ಸುಮ್ಮನಾದೆ.

ಪರೀಕ್ಷೆಯ ಮರುದಿನ ಟೆಸ್ಸಾ ಬಂದು ನನ್ನೆದುರು ಕುರ್ಚಿ ಎಳೆದುಕೊಂಡು ಕೂತಳು.

"ಇಪ್ಪತ್ತಕ್ಕೆ ಇಪ್ಪತ್ತು ಬಂದಿದೆ."

"ಮತ್ತೆ ಮುಖ ಯಾಕೆ ಹರಳೆಣ್ಣೆ ಕುಡಿದೋರ ಥರ ಇದೆ?"

"ಮೊದಲನೇ ಚಿತ್ರದ ವಿವರಣೆ ಕೇಳಿ. 'ಇದು ಗ್ರಾನೈಟ್. ಮೂರನೆಯ ಉತ್ತರ ಸರಿ.' ಇಪ್ಪತ್ತೂ ಹೀಗೇ ಇದೆ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದ ಪುಣ್ಯಾತ್ಮ. ನನಗೆ ನಗು ತಡೆಯಲಾಗಲಿಲ್ಲ. ಟೆಸ್ಸಾ ನಗಲಿಲ್ಲ. ಇಬ್ಬರೂ ಅವನ ಕೋಣೆಗೆ ಹೋದೆವು.

ವಿಷಯ ಕೇಳಿ ಆರ್ವಿಡ್ ಕಿವಿಯವರೆಗೂ ಕೆಂಪಾದ. "ತಪ್ಪು ನಂದು. ನಿನ್ನ ಅಂಕ ನಿನಗೇ ಇರಲಿ. ಶಿಬಿರಕ್ಕೆ ಬಾ."

"ಅಂದ್ರೆ ನಾನು ಶಿಬಿರಕ್ಕೆ ಬರೋದು ನಿಮ್ಮ ತಪ್ಪಿಂದಾನಾ, ಪ್ರೊಫೆಸರ್?"

ಅವನು ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಅತ್ತಿತ್ತ ಸರಿಸಿದ. ಆಮೇಲೆ, ಬೇಕಿದ್ದರೆ ಕಲ್ಲುಗಳನ್ನೇ ಕೈಗೆ ಕೊಟ್ಟು ಕೇಳುತ್ತೇನೆ ಎಂದ.

"ಅದು ನನಗೆ ಸುಲಭ ಆಗತ್ತೆ. ಎಲ್ಲರಿಗೂ ಫೋಟೋ ಕೊಟ್ಟಿದ್ದೀರಿ, ನನಗೂ ಫೋಟೋನೇ ಕೊಡಿ, ಸರಿಯಾದ ವಿವರಣೆ ಜೊತೆ. ಶುಕ್ರವಾರ ಬರ್ತೀನಿ."

ಗುರುವಾರ ಮಧ್ಯಾಹ್ನ ಆರ್ವಿಡ್ ಮತ್ತು ನಾನು ವಿವರಣೆ ಬರೆಯಲು ಹೊಸ ಇಪ್ಪತ್ತು ಫೋಟೋಗಳ ಮುಂದೆ ಕೂತೆವು. ಆರ್ವಿಡ್‌ಗೆ ಕಲ್ಲಿನ ಹೆಸರು ಹೇಳದೆ ಬಾಯಿ ತೆರೆಯಲು ಬಾರದು.

"ಬರಿ. ಇದು ಗ್ಯಾಬ್ರೊ..."

"ಹೆಸರು ಬೇಡ. ಏನು ಕಾಣ್ತಿದೆ ಹೇಳು."

"ಗ್ಯಾಬ್ರೊ ಕಾಣ್ತಿದೆ."

"ನನಗೆ ಕಾಣ್ತಿರೋದು ಕಪ್ಪು ಕಲ್ಲು. ಅದರಲ್ಲಿ ಉಪ್ಪಿನ ಹರಳಿನಷ್ಟು ಹರಳುಗಳು, ಒಂದಕ್ಕೊಂದು ಹೆಣೆದುಕೊಂಡಿವೆ."

ಅವನು ಫೋಟೋದ ಹತ್ತಿರಕ್ಕೆ ಬಗ್ಗಿ ಬಹಳ ಹೊತ್ತು ನೋಡಿದ. "ಇಪ್ಪತ್ತೆಂಟು ವರ್ಷದಿಂದ ಹೆಸರು ಹೇಳಿಕೊಟ್ಟಿದ್ದೀನಿ. ನೋಡೋದನ್ನ ಯಾರಿಗೂ ಹೇಳಿಕೊಟ್ಟಿಲ್ಲ ಅನ್ಸತ್ತೆ" ಎಂದ. ನನಗೆ ಪಾಪ ಅನ್ನಿಸಿತು. ಆದರೂ, ಮೀನು ಹಿಡಿಯೋದಾದರೂ ಹೇಳಿಕೊಟ್ಟಿದ್ದೀಯಾ ಎಂದು ಕೇಳದಿರಲು ಆಗಲಿಲ್ಲ.

ಶುಕ್ರವಾರ ಟೆಸ್ಸಾ ಪರೀಕ್ಷೆ ಬರೆದಳು. ಇಪ್ಪತ್ತಕ್ಕೆ ಹದಿನಾರು. ಶಿಬಿರದ ಪಟ್ಟಿಯಲ್ಲಿ ಅವಳ ಹೆಸರು ಸೇರಿತು. ನಾನು ನೆಮ್ಮದಿಯ ಉಸಿರು ಬಿಟ್ಟೆ, ಅವಳು ಬಿಡಲಿಲ್ಲ. ನೆಟ್ಟಗೆ ಆರ್ವಿಡ್‌ನ ಮುಂದೆ ಹೋಗಿ ನಿಂತಳು.

"ಹನ್ನೊಂದನೇದಕ್ಕೆ ನಾನು ಬಸಾಲ್ಟ್ ಅಂದಿದ್ದೆ. ವಿವರಣೆಯಲ್ಲಿ ಉಪ್ಪಿನ ಹರಳು ಅಂತಿದೆ. ಯಾವ ಉಪ್ಪು? ಊಟಕ್ಕೆ ಹಾಕೋದಾ, ಹಿಮ ಬಿದ್ದಾಗ ರಸ್ತೆಗೆ ಸುರಿಯೋದಾ?"

"ಯಾವುದಾದ್ರೂ ಆಗಲಿ. ಹರಳು ಬರಿಗಣ್ಣಿಗೆ ಕಾಣ್ತಿದೆ ಅಂದಮೇಲೆ ಅದು ಗ್ಯಾಬ್ರೊ. ಹರಳು ಕಣ್ಣಿಗೇ ಕಾಣದ ಬಸಾಲ್ಟ್ ಹೇಗಾಗತ್ತೆ?"

"ಊಟದ ಉಪ್ಪು ಸಣ್ಣದು. ಸಂಶಯಕ್ಕೆ ಜಾಗ ಇದೆ. ಅರ್ಧ ಅಂಕ ಕೊಡಿ."

ನಾನು ಬಾಗಿಲಲ್ಲೇ ನಿಂತಿದ್ದೆ. ಕೊಟ್ಟುಬಿಡು ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಆರ್ವಿಡ್ ನನ್ನ ಕಡೆ ನೋಡಲಿಲ್ಲ.

"ಪಾಠದಲ್ಲಿ ಎರಡು ಸಲ ಹೇಳಿದ್ದೀನಿ. ನೀನು ಓದಿಲ್ಲ. ಕಾಲು ಅಂಕಾನೂ ಇಲ್ಲ, ನಡಿ ಆಚೆ."

ಟೆಸ್ಸಾ ಮಡಚಿಟ್ಟಿದ್ದ ಬಿಳಿ ಕೋಲನ್ನು ಬಿಡಿಸಿಕೊಂಡು ಹೊರಬಂದಳು. ನಾಲ್ಕು ಹೆಜ್ಜೆ ಹಾಕಿದಮೇಲೆ ಅವಳ ಮುಖದ ತುಂಬ ನಗು ಅರಳಿತು.

"ಕೇಳಿಸ್ಕೊಂಡ್ರಾ?" ಎಂದಳು. "ಎಲ್ಲರಿಗೂ ಹೀಗೇ ಬೈತಾರಂತೆ."