ಮಧುನಾಶಿನಿ ಮತ್ತು ಕ್ರೀಮಿನ ಚಮಚ

ಬೇಕರಿ ಯಜಮಾನರಿಗೆ ಸೂಜಿಯೆಂದರೆ ಬಲು ಭಯ. "ಮುಂದಿನ ವಾರದೊಳಗೆ ಸಕ್ಕರೆ ಇಳೀಲಿಲ್ಲ ಅಂದ್ರೆ ಇನ್ಸುಲಿನ್ನೇ ಗತಿ" ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ಅವರು ಯಾರಿಗೂ ಹೇಳದೆ ಸಕ್ಕರೆ ಇಳಿಸುತ್ತದೆನ್ನುವ ಮಧುನಾಶಿನಿ ಎಲೆಯ ಪುಡಿ ಒಂದು ಪೊಟ್ಟಣ ತಂದರು. ನೀರಿಗೆ ಕದಡಿ ಗಟಗಟ ಕುಡಿಯಿರಿ ಎಂದಿದ್ದ ಅಂಗಡಿಯವನು. ಕೇಳುವ ಆಸಾಮಿಯೇ ಇವರು? ನಾಲಿಗೆ ಒಪ್ಪದ್ದನ್ನು ಗಂಟಲಿಗೆ ಬಿಟ್ಟವರೇ ಅಲ್ಲ. ಬೆಳಿಗ್ಗೆ ಎಂದಿನ ಸಕ್ಕರೆ ಕಾಯಿಲೆ ಮಾತ್ರೆ ನುಂಗಿ, ಒಂದು ಚಮಚ ಪುಡಿಯನ್ನು ನಾಲಿಗೆಗೆಲ್ಲ ಸವರಿ ಚೆನ್ನಾಗಿ ಚಪ್ಪರಿಸಿ, ಹುರುಪಿನಿಂದ ಕೆಲಸಕ್ಕೆ ಇಳಿದರು.

ಅಂದು ಮೂರಂತಸ್ತಿನ ಮದುವೆ ಕೇಕು. ಹನ್ನೊಂದಕ್ಕೆ ಗಾಡಿ ಬರುತ್ತದೆ. ಏಪ್ರನ್ನಿನ ದಾರಕ್ಕೆ ಕಟ್ಟಿದ ಚಮಚವನ್ನು ಕ್ರೀಮಿಗೆ ಅದ್ದಿ ಬಾಯಿಗಿಟ್ಟರು. ಸಪ್ಪೆ! ಸಕ್ಕರೆ ಸುರಿದರು. ಆಗಲೂ ಸಪ್ಪೆ. ಇನ್ನಷ್ಟು ಸುರಿದರು. ಮೂರನೇ ಸಲ ಡಬ್ಬಕ್ಕೆ ಕೈಹಾಕಿದಾಗ, ಕೇಕಿನ ಮೇಲೆ ಹೂ ಬಿಡಿಸುವ ಅವರ ತಂಗಿಗೆ ತಡೆಯಲಾಗಲಿಲ್ಲ. "ಹೂವು ನಿಂದು, ರುಚಿ ನಂದು" ಎಂದು ಇಪ್ಪತ್ತು ವರ್ಷದಿಂದ ಅಣ್ಣ ಹಾಕಿದ ಗೆರೆ ದಾಟಿ, ಬೆರಳದ್ದಿ ನೆಕ್ಕಿಯೇ ಬಿಟ್ಟಳು.

"ಅಯ್ಯೋ ಅಣ್ಣಾ, ಹಲ್ಲು ಜುಂ ಅಂತಿದೆ!"

"ಸುಮ್ನಿರೇ, ಒಂದು ಚೂರೂ ಸಿಹಿ ಇಲ್ಲ!"

ಛಲಕ್ಕೆ ಬಿದ್ದು ಒಂದು ಹಿಡಿ ಸಕ್ಕರೆಯನ್ನೇ ಬಾಯಿಗೆ ಹಾಕಿಕೊಂಡರು. ಮರಳು ತಿಂದ ಹಾಗೆ! ನಾಲಿಗೆ ಸತ್ತರೆ ಬೇಕರಿ ಯಾಕೆ, ತಾನು ಯಾಕೆ?

ತಂಗಿ ಗಲ್ಲ ಹಿಡಿದು ನೋಡಿದಳು. ನಾಲಿಗೆ ಹಸಿರೋ ಹಸಿರು. ಗುಟ್ಟು ರಟ್ಟಾಯಿತು. "ಆ ಎಲೆ ನಾಲಿಗೆಗೆ ತಾಗಿದ್ರೆ ಒಂದು ಗಂಟೆ ಸಿಹಿ ಗೊತ್ತಾಗಲ್ಲ, ಮಹಾರಾಯ" ಎಂದವಳೇ ಪೊಟ್ಟಣ, ಚಮಚ ಎರಡನ್ನೂ ಕಸಿದುಕೊಂಡು ಹೊಸ ಕ್ರೀಮಿಗೆ ಕೈಹಚ್ಚಿದಳು. ಕೇಕು ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಗಾಡಿ ಹತ್ತಿತು. ಆ ವಾರವಿಡೀ ಎರಡೂ ಅವಳ ಬಳಿಯೇ ಉಳಿದವು.

ವಾರ ಕಳೆದು ರಿಪೋರ್ಟ್ ಬಂತು. ಸಕ್ಕರೆ ಇಳಿದಿತ್ತು! ಯಜಮಾನರು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. "ನೋಡಿ ಡಾಕ್ಟ್ರೇ, ಒಂದೇ ಚಮಚ ಪುಡಿಗೆ ಇಷ್ಟು! ದಿನಾ ತಿಂದಿದ್ರೆ?"

"ದಿನಾ ತಿಂದಿದ್ರೆ, ಮಾತ್ರೆನೂ ಸೇರಿ ಸಕ್ಕರೆ ಕುಸಿದು, ಓವನ್ ಮುಂದೆ ತಲೆ ಸುತ್ತಿ ಬೀಳ್ತಿದ್ರೇನೋ. ನನ್ನನ್ನ ಕೇಳ್ದೆ ಏನೂ ತಿನ್ಬೇಡಿ" ಎಂದರು ಡಾಕ್ಟರಮ್ಮ. "ಈ ವಾರ ಬೇರೆ ಏನು ಬದಲಾಯ್ತು?"

ಜೊತೆಗೆ ಬಂದಿದ್ದ ತಂಗಿ ಬಾಯಿಬಿಟ್ಟಳು. "ದಿನಕ್ಕೆ ನಲವತ್ತು ಚಮಚ ಕ್ರೀಮು ರುಚಿ ನೋಡ್ತಿದ್ರು. ಅದು ನಿಂತಿದೆ."

ನಲವತ್ತು! ಅದನ್ನು ಅವರು ತಿನ್ನುವುದೆಂದು ಯಾವತ್ತೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅದು ಕೆಲಸ. ಡಾಕ್ಟರಮ್ಮ ನಕ್ಕು ಚೀಟಿ ಬರೆದರು. ಅದೇ ಮಾತ್ರೆ, ಚಮಚ ಬಂದ್, ಸೂಜಿ ಸದ್ಯಕ್ಕಿಲ್ಲ.

ಬೇಕರಿಗೆ ಮರಳಿದ ಮೇಲೆ ಯಜಮಾನರು ಏಪ್ರನ್ನಿನ ದಾರವನ್ನೂ ಬಿಚ್ಚಿ ತಂಗಿಗೆ ಕೊಟ್ಟರು. ತಾವು ಕಲೆಸಿದ ಕ್ರೀಮಿನ ಬಟ್ಟಲು ಮುಂದಿಟ್ಟು, ಪರೀಕ್ಷೆಗೆ ಕೂತವರ ಹಾಗೆ ಅವಳ ಮುಖವನ್ನೇ ನೋಡಿದರು.

"ಹೇಗಿದೆಯೇ?"

ಅವಳು ನಿಧಾನವಾಗಿ ಚಪ್ಪರಿಸಿದಳು. "ಇಪ್ಪತ್ತು ವರ್ಷದಿಂದ ಹೇಳ್ಬೇಕು ಅನ್ಕೊಂಡಿದ್ದೆ ಅಣ್ಣ. ಸಿಹಿ ಒಂಚೂರು ಜಾಸ್ತಿನೇ."