ಒಳಗಿಂದ ತೆರೆಯುವ ಬಾಗಿಲು

ಹುಡುಗಿ ಪರೀಕ್ಷೆಯಲ್ಲಿ ಗೆದ್ದರೆ ಸಾಲದು, ಅವಳಿಗೆ ಒಪ್ಪುವ ಒಂದು ಬೀಗವೂ ಸಿಗಬೇಕು. ಸನಿಯ್ಯಾಳ ಊರಿನಲ್ಲಿ ನಡೆದು ಬಂದದ್ದು ಹೀಗೆ. ಮಗಳು ವಿಸಾಲ್‌ಗೆ ಅಸ್ಯೂತ್ ನಗರದ ಕಾಲೇಜಿನಲ್ಲಿ ಫಾರ್ಮಸಿ ಸೀಟು ಸಿಕ್ಕಿದಾಗ ಬೀದಿಯ ಹೆಂಗಸರೆಲ್ಲ ಖುಷಿಗೆ ನಾಲಗೆ ಆಡಿಸಿ ಕೇಕೆ ಹಾಕಿದರು. ಅಪ್ಪ ಖಲಾಫ್ ಮಾತ್ರ ನಗಲಿಲ್ಲ.

"ಭದ್ರವಾದ ಜಾಗ ಸಿಕ್ಕಿದ್ರೆ ಓದ್ಲಿ. ಸಿಗ್ಲಿಲ್ವೋ, ಸಂಜೆ ರೈಲಿಗೇ ವಾಪಸ್ ಕರ್ಕೊಂಡ್ ಬಾ. ಅವಳನ್ನ ಮದುವೆ ಆಗೋಕೆ ನಮ್ಮಣ್ಣನ ಮಗ ಕಾಯ್ತಾ ಇದಾನೆ."

ಸನಿಯ್ಯಾ ಬಿಸಿಲಲ್ಲಿ ಹಿಟ್ಟು ಉಬ್ಬಿಸಿ ಸುಟ್ಟ ರೊಟ್ಟಿಯ ಬುಟ್ಟಿ ಹೊತ್ತು, ಮಗಳ ಕೈ ಹಿಡಿದು ಅಸ್ಯೂತ್‌ನಲ್ಲಿ ಇಳಿದಳು. ಸ್ಟೇಷನ್ನಿಗೆ ಮೆರ್ವತ್ ಬಂದಿದ್ದಳು. ತಮ್ಮದೇ ಊರಿನ ಹುಡುಗಿ, ಎರಡನೇ ವರ್ಷದಲ್ಲಿ ಓದುತ್ತ ಕಾಲೇಜಿನ ಹಾಸ್ಟೆಲಿನಲ್ಲೇ ಇದ್ದವಳು.

"ಮೊದ್ಲು ಹಾಸ್ಟೆಲ್ ನೋಡೋಣ ಚಿಕ್ಕಮ್ಮ."

"ಹಾಸ್ಟೆಲ್ಲಂತೆ! ನೂರು ಊರಿನ ಹುಡುಗೀರು, ನೂರು ಥರ. ಹಜ್ಜಾ ಫೌಕಿಯಾ ಮನೆಗೆ ನಡಿ. ನಮ್ಮ ಕಡೆಯೋಳು, ಹಜ್ ಮಾಡಿ ಬಂದೋಳು."

ಫೌಕಿಯಾ ಹುಡುಗಿಯರಿಗೆ ಬಾಡಿಗೆಗೆ ಕೊಡುವ ಮಹಡಿಯನ್ನು ಒಡವೆ ತೋರಿಸುವ ಹಾಗೆ ತೋರಿಸಿದಳು. ಪ್ರತಿ ಕಿಟಕಿಗೂ ಕೈಬೆರಳ ಗಾತ್ರದ ಕಬ್ಬಿಣದ ಸರಳು. ಬಾಗಿಲಿಗೆ ಹೊರಗಿಂದ ಬೀಗ. ಅಡುಗೆಮನೆಗೂ ಬೀಗ.

"ಸಂಜೆ ಮಗ್ರಿಬ್ ನಮಾಜಿನ ಕೂಗು ಬಿದ್ರೆ ಬೀಗ ಹಾಕ್ತೀನಿ. ಕೀಲಿ ಇಲ್ಲಿ" ಎಂದು ಎದೆ ತಟ್ಟಿಕೊಂಡಳು. "ಸೊಳ್ಳೆ ಬರಬೇಕಾದ್ರೂ ನನ್ನ ಕೇಳ್ಬೇಕು."

ಸನಿಯ್ಯಾಳ ಕಣ್ಣು ತುಂಬಿತು. "ಮಗಳನ್ನ ತಿಜೋರೀಲಿ ಇಟ್ಟ ಹಾಗಾಯ್ತು, ಹಜ್ಜಾ."

"ನಾನೇನು ಒಡವೆನಾ ಅವ್ವ?" ವಿಸಾಲ್ ಗೊಣಗಿದಳು.

"ಸುಮ್ನಿರೇ. ಓದ್ಬೇಕೋ ಬೇಡ್ವೋ?"

ಮೆರ್ವತ್ ಸುಮ್ಮನಿರಲಿಲ್ಲ. "ಹಜ್ಜಾ, ಬೆಂಕಿ ಬಿದ್ರೆ ಹುಡುಗೀರು ಎಲ್ಲಿಂದ ಹೊರಗ್ ಬರ್ತಾರೆ?"

"ಬಾಯಲ್ಲಿ ಒಳ್ಳೆ ಮಾತು ಬರಲ್ವಾ ನಿಂಗೆ!" ಫೌಕಿಯಾ ಮುಖ ಸಿಂಡರಿಸಿ ಚಹಾಕ್ಕೆ ನೀರಿಟ್ಟಳು. ನೋಡಿದರೆ ಸಕ್ಕರೆ ಇಲ್ಲ. ಅಂಗಡಿಗೆ ಹೊರಟವಳು ಎಂದಿನ ರೂಢಿಯಂತೆ ಅಡುಗೆಮನೆಗೆ ಬೀಗ ಜಡಿದಳು. ಹೊರಬಾಗಿಲಿಗೂ ಜಡಿದಳು. ಒಳಗೆ ಮೂರು ಜೀವ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಚುರ್ ಎಂದಿತು. ಕೆಟಲಿನ ನೀರು ಉಕ್ಕಿ ಒಲೆ ಆರಿತ್ತು. ಆಮೇಲೆ ಬಾಗಿಲಡಿಯಿಂದ ವಾಸನೆ ಬಂತು. ಗ್ಯಾಸ್.

ಸನಿಯ್ಯಾ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದಳು.

"ಮುಟ್ಬೇಡಿ ಚಿಕ್ಕಮ್ಮ! ಕಿಡಿ ಹಾರಿದ್ರೆ ಮುಗೀತು." ಮೆರ್ವತ್ ಕಿಟಕಿಗಳನ್ನೆಲ್ಲ ತೆರೆದಳು. ಬಾಗಿಲಡಿಯ ಸಂದಿಗೆ ವಿಸಾಲ್ ಒದ್ದೆ ಬಟ್ಟೆ ತುರುಕಿದಳು. ಸನಿಯ್ಯಾ ಸರಳು ಹಿಡಿದು ಅಲುಗಿಸಿದಳು. ಅವಳಿಗೆ ಸಂತೋಷದ ಕಣ್ಣೀರು ತರಿಸಿದ್ದ ಸರಳು ಅದು. ಒಂದಿಷ್ಟೂ ಅಲುಗಲಿಲ್ಲ. ಹೊಲದಲ್ಲಿ ಎಮ್ಮೆ ಅಟ್ಟುವ ದನಿಯಲ್ಲಿ ಕೂಗಿದಳು: "ಯಾರಾದ್ರೂ ಬನ್ರೋ! ನನ್ನ ಮಗಳು ಒಳಗಿದಾಳೆ!"

ಕೆಳಗಿನ ಇಸ್ತ್ರಿ ಅಂಗಡಿಯವನು ಓಡಿಹೋಗಿ ಫೌಕಿಯಾಳನ್ನು ಎಳೆದುಕೊಂಡು ಬಂದ. ಅವಸರದಲ್ಲಿ ಅವಳು ಮೊದಲ ಸಲ ತಪ್ಪು ಕೀಲಿ ಹಾಕಿದಳು. ಕೊನೆಗೂ ಎರಡು ಬಾಗಿಲೂ ತೆರೆದವು. ಮೆರ್ವತ್ ಉಸಿರು ಬಿಗಿಹಿಡಿದು ನುಗ್ಗಿ ಸಿಲಿಂಡರಿನ ತಿರುಪು ಮುಚ್ಚಿದಳು.

ಫೌಕಿಯಾ ಸುಧಾರಿಸಿಕೊಂಡು ಅಂದಳು: "ಏನಾಯ್ತೀಗ? ಯಾವ ಗಂಡಸಾದ್ರೂ ಒಳಗೆ ಬಂದ್ನಾ?"

"ಗಂಡಸು ಬರ್ಲಿಲ್ಲ ಹಜ್ಜಾ. ಸಾವು ಬಂದಿತ್ತು. ಅದು ನಿನ್ನ ಕೀಲಿ ಕೇಳ್ಲಿಲ್ಲ" ಎಂದು ಸನಿಯ್ಯಾ ಬುಟ್ಟಿ ಎತ್ತಿಕೊಂಡಳು.

ಮೂವರೂ ಬೀದಿಗೆ ಬಂದರು. ಸನಿಯ್ಯಾಳಿಗೆ ಸಂಜೆ ರೈಲು ನೆನಪಾಯಿತು. ವಿಸಾಲ್ ತಾಯಿಯ ಮುಖ ನೋಡದೆ ಕೇಳಿದಳು: "ಊರಿಗೆ ಹೋಗೋದಾ ಅವ್ವ?"

"ನಿನ್ನ ಹಾಸ್ಟೆಲ್ ತೋರ್ಸು ಮೆರ್ವತ್."

ಹಾಸ್ಟೆಲಿನ ಮುಂದೆ ಅಂಗಳದ ತುಂಬ ತಂದೆತಾಯಂದಿರು. ಅವತ್ತು ದಾಖಲಾತಿ. ಗೇಟಿನಲ್ಲಿ ಕಾವಲುಗಾರ ಹೆಸರು ಕೇಳಿಯೇ ಒಳಗೆ ಬಿಟ್ಟ. ದಾರಿಯುದ್ದಕ್ಕೂ ದೀಪದ ಕಂಬ. ಸನಿಯ್ಯಾ ಎಲ್ಲ ನೋಡುತ್ತ ನೇರ ಹಿಂದಿನ ಬಾಗಿಲಿಗೆ ಹೋದಳು. ಬೆಂಕಿ ಬಿದ್ದಾಗ ಓಡುವ ಬಾಗಿಲು ಅದು. ಅದಕ್ಕೆ ಸರಪಳಿ. ಸರಪಳಿಗೆ ತುಕ್ಕು ಹಿಡಿದ ಬೀಗ.

"ಇಲ್ಲೂನಾ!"

"ಹೋದ ವರ್ಷದಿಂದ ತೆಗೀರಿ ಅಂತ ಬಡ್ಕೋತಾ ಇದೀವಿ ಚಿಕ್ಕಮ್ಮ" ಎಂದಳು ಮೆರ್ವತ್. "ಬಾಗಿಲು ಒಳ್ಳೇದೇ. ಹೊರಗಿಂದ ಹಿಡಿಕೇನೇ ಇಲ್ಲ, ಯಾರೂ ನುಗ್ಗೋಕಾಗಲ್ಲ. ಒಳಗಿಂದ ತಳ್ಳಿದ್ರೆ ತೆರೀತದೆ, ಕಾವಲಿನ ಕೋಣೇಲಿ ಗಂಟೆ ಹೊಡೀತದೆ. ಹುಡುಗೀರು ತಳ್ಕೊಂಡ್ ಹೊರಗ್ ಹೋಗ್ತಾರೆ ಅಂತ ಸರಪಳಿ ಬಿಗಿದಿದಾರೆ."

ಮೇಲ್ವಿಚಾರಕಿ ಇನ್ಸಾಫ್ ಮೇಡಂ ಬೇಸರದಲ್ಲಿ ಅಂದರು: "ನಾನೇನ್ ಮಾಡ್ಲಮ್ಮ? ಬರೋ ಅಪ್ಪ ಅಮ್ಮಂದಿರೆಲ್ಲ ಇನ್ನೊಂದು ಬೀಗ ಹಾಕಿ ಅಂತಾನೇ ಕೇಳ್ತಾರೆ. ತೆಗೀರಿ ಅಂತ ಇವತ್ತಿನವರೆಗೂ ಅವರಲ್ಲಿ ಒಬ್ರೂ ಕೇಳಿಲ್ಲ."

"ನಾನು ಕೇಳ್ತಾ ಇದೀನಿ. ಕೀಲಿ ಎಲ್ಲಿದೆ?"

ಮೇಡಂ ಕಾವಲುಗಾರನನ್ನು ನೋಡಿದರು. ಕಾವಲುಗಾರ ನೆಲ ನೋಡಿದ. ಕೀಲಿ ಕಳೆದು ಎಷ್ಟು ಕಾಲವಾಯಿತೋ ಯಾರಿಗೂ ಗೊತ್ತಿರಲಿಲ್ಲ.

ಸನಿಯ್ಯಾ ಅಂಗಳಕ್ಕೆ ತಿರುಗಿದಳು. "ಕೇಳ್ರಮ್ಮ! ನನ್ನ ಮನೇಲಿ ಪಾರಿವಾಳದ ಗೋಪುರ ಇದೆ. ಅದರ ಗೂಡಿಗೆ ಬಾಗಿಲೇ ಇಲ್ಲ. ಮುಂಗುಸಿ ಹತ್ತಬಾರ್ದು ಅಂತ ಬುಡಕ್ಕೆ ಗಾರೆ ನುಣ್ಣಗೆ ಬಳ್ದಿದೀನಿ. ಹಕ್ಕೀನ ಕಾಯೋಕೆ ಹಕ್ಕೀನೇ ಕಟ್ಟಿಹಾಕೋ ಮೂರ್ಖಳು ನಾನಲ್ಲ. ಆದ್ರೆ ಮಗಳ ವಿಷಯಕ್ಕೆ ಬಂದಾಗ ಆಗ್ಬಿಟ್ಟಿದ್ದೆ! ಇವತ್ತು ಸರಳಿನ ಹಿಂದೆ ಗ್ಯಾಸ್ ಕುಡಿದು ಬಂದೆ. ನಿಮ್ಮ ಮಕ್ಕಳು ಈ ಸರಪಳಿ ಹಿಂದೆ ಮಲಗ್ತಾರೆ. ಒಪ್ತೀರಾ?"

ಒಬ್ಬ ತಂದೆ ಗೊಣಗಿದ: "ಬಾಗಿಲು ತೆರೆದಿದ್ರೆ ಹುಡುಗೀರು ಓಡಿಹೋಗ್ತಾರೆ."

"ಬೆಂಕಿ ಬಿದ್ರೆ ಓಡ್ಲಿ ಅಂತಾನೇ ಕೇಳ್ತಿರೋದು!"

ಹೆಂಗಸರು ಗೊಳ್ಳೆಂದು ನಕ್ಕರು. ನಗುತ್ತಲೇ ಎದ್ದು ಬಂದರು. ಮೊದಲು ತಾಯಂದಿರು, ಹಿಂದೆ ತಂದೆಯರು, ಗೊಣಗಿದವನೂ. ಮಹಡಿಯಿಂದ ಹುಡುಗಿಯರು ಇಳಿದು ಬಂದರು. ಸರಪಳಿ ಬೀಳುವ ತನಕ ಯಾರೂ ಹಣ ಕಟ್ಟುವುದಿಲ್ಲ ಎಂದು ಕೂತರು. ಇನ್ಸಾಫ್ ಮೇಡಂ ಎರಡು ಫೋನ್ ಮಾಡಿ, ಕೊನೆಗೆ ಗರಗಸ ತರಿಸಿದರು. ಕಾವಲುಗಾರ ಬೆವರು ಸುರಿಸಿ ಕೊಯ್ದ. ಸರಪಳಿ ಝಣಝಣ ಎಂದು ನೆಲಕ್ಕೆ ಬಿದ್ದಾಗ ಅಂಗಳವೇ ಕೇಕೆ ಹಾಕಿತು. ವಿಸಾಲ್ ಬಾಗಿಲು ತಳ್ಳಿದಳು. ಬಾಗಿಲು ತೆರೆಯಿತು. ಗಂಟೆ ಹೊಡೆಯಿತು.

ಸನಿಯ್ಯಾ ಗಂಡನಿಗೆ ಫೋನ್ ಮಾಡಿದಳು. "ಭದ್ರವಾದ ಜಾಗ ಸಿಕ್ತು ಕಣ್ರೀ. ಅಲ್ಲ, ಸಿಗ್ಲಿಲ್ಲ, ನಾವೇ ಮಾಡ್ಕೊಂಡ್ವಿ. ಸಂಜೆ ರೈಲಿಗೆ ನಾನೊಬ್ಳೇ ಬರ್ತೀನಿ. ನಿಮ್ಮಣ್ಣನ ಮಗನಿಗೆ ಬೇರೆ ಹುಡುಗಿ ನೋಡಿ."

ಆ ಕಡೆಯಿಂದ ಖಲಾಫ್ ಕೇಳಿದ: "ಬೀಗ ಗಟ್ಟಿ ಇದೆಯಾ?"

"ಕೋಣೆ ಬೀಗ ಒಳಗಡೆ ಇದೆ. ಕೀಲಿ ಮಗಳ ಹತ್ರ ಇದೆ."

"ಸರಿ. ರೊಟ್ಟಿ ಸಾಕಾಗ್ತದಾ ಅವಳಿಗೆ?"

ತಾಯಂದಿರೇ, ತಂದೆಯರೇ, ಮಕ್ಕಳಿಗೆ ಕೋಣೆ ನೋಡಲು ಹೋಗುತ್ತೀರಲ್ಲ, ಗೋಡೆಯ ಎತ್ತರ ಅಳೆಯಬೇಡಿ. ಒಳಗೆ ನಿಂತು ಬಾಗಿಲು ತಳ್ಳಿ ನೋಡಿ. ಬೆಂಕಿ ಬಿದ್ದರೆ ಓಡಲು ಎರಡನೇ ದಾರಿ ಇದೆಯೇ, ದಾರಿಯಲ್ಲಿ ದೀಪ ಉರಿಯುತ್ತದೆಯೇ, ಕರೆದರೆ ಕಾವಲಿನವರು ಬರುತ್ತಾರೆಯೇ ಎಂದು ಅಲ್ಲಿರುವ ಹುಡುಗಿಯರನ್ನೇ ಕೇಳಿ. ಸರಪಳಿ ಕಂಡರೆ ಹಣ ಕಟ್ಟುವ ಮೊದಲೇ ದನಿ ಎತ್ತಿ. ಒಬ್ಬರೇ ಕೂಗಿ ಸಾಲದಾದರೆ ಪಕ್ಕದವರನ್ನು ಕರೆಯಿರಿ. ನಿಮ್ಮ ಮಗಳು ಓದಲು ಹೊರಟವಳು, ಅವಳನ್ನು ಸೆರೆಮನೆಗೆ ಸೇರಿಸಿ ಬರಬೇಡಿ.