ಮೊದಲು ಬಾಯಿ, ಆಮೇಲೆ ದನಿ

ಸೌಮ್ಯ ಮಂಚದಡಿಗೆ ಕೈ ಹಾಕಿ ಮಗಳ ಕಾಲು ಹಿಡಿದೆಳೆದಳು. ಆರು ವರ್ಷದ ದೀಪು ಕಿವಿ ಮುಚ್ಚಿಕೊಂಡು ಇನ್ನೂ ಒಳಕ್ಕೆ ಸರಿದಳು. ಹೊರಗೆ ಅಜ್ಜಿ ಶಿವಲಿಂಗಮ್ಮನ ಹೆಣ. ಅದರ ಮುಂದೆ ತಮಟೆ.

“ಬೇಗ ಕರ್ಕೊಂಬಾರಮ್ಮಿ. ಮೊಮ್ಮಗಳು ಬಾಯ್ಗೆ ಅಕ್ಕಿ ಹಾಕ್ಬೇಕು,” ಗಂಡ ನಟರಾಜು ಬಾಗಿಲಿನಿಂದ ಕೂಗಿದ.

“ತಮಟೆ ನಿಲ್ಸೋಕೇಳಿ, ಬತ್ತಾಳೆ.”

“ಸಾವಿನ್ ಮನೇಲಿ ತಮಟೆ ನಿಲ್ಸಾಕಾಯ್ತದಾ? ಅಜ್ಜಿ ಸತ್ತೋಯ್ತು ಅಂತ ಹೇಳು.”

“ನಾನೇಳಿದ್ನ ಯಾವತ್ ಕೇಳವ್ಳೆ?”

ಮೂಲೆಯಲ್ಲಿದ್ದ ಖತೀಜಾ ಎದ್ದು ಬಂದಳು. ರಾಮನಗರದ ರೇಷ್ಮೆ ಯೂನಿಟ್ಟಿನಲ್ಲಿ ಶಿವಲಿಂಗಮ್ಮನ ಪಕ್ಕ ನಿಂತು ಇಪ್ಪತ್ತೆರಡು ವರ್ಷ ನೂಲು ತೆಗೆದವಳು.

“ಶಿವಲಿಂಗಕ್ಕ ಬಾಯಾಡ್ಸಿ ಹೇಳ್ತಿದ್ಲಲ್ಲ, ಹಂಗೇಳು ತಾಯಿ.”

“ಅದೇನು ಹಂಗೆ?”

“ಮಿಷಿನ್ ಸದ್ದಲ್ಲಿ ಗಂಟ್ಲು ಕೇಳಾಕಿಲ್ಲ. ನಾವೆಲ್ಲ ತುಟಿ ನೋಡೇ ಮಾತಾಡೋದು. ನಿನ್ ಮಗೀಗೆ ಮೊಕ, ದನಿ ಎರಡೂ ಒಟ್ಗೆ ಬಂದ್ರೆ ತಾಳಾಕಾಗಲ್ವಂತೆ. ಮೊದ್ಲು ಬಾಯಿ, ಆಮೇಲ್ ದನಿ ಅಂತಿದ್ಲು. ಮಗೀನ ತುಟೀಲಿ ‘ನೀರು’ ಅನ್ಸಾಕೇ ಒಂದ್ ವರ್ಸ ಹಿಡೀತು. ಅವತ್ತು ಯೂನಿಟ್ಟಿಗೆಲ್ಲ ಬೋಂಡ ತರ್ಸಿದ್ಲು.”

ಸೌಮ್ಯ ಮಗಳ ಕಾಲು ಬಿಟ್ಟಳು.

*

ಈ ಸಲದ ಯುಗಾದಿಯಾದ ಮರುವಾರ ಸೌಮ್ಯ ಕೆಲಸದಿಂದ ಬಂದಾಗ ಅತ್ತೆ ಮಗುವಿನೆದುರು ಕುಕ್ಕರಗಾಲಲ್ಲಿ ಕೂತು ಸದ್ದಿಲ್ಲದೆ ತುಟಿ ಆಡಿಸುತ್ತಿದ್ದಳು. ಯಾರ ಮುಖವನ್ನೂ ನೋಡದ ದೀಪು ಆ ತುಟಿಯನ್ನೇ ನೋಡುತ್ತಿದ್ದಳು.

“ಮಾತ್ ಬರ್ದಿರೋ ಮಗೀಗೆ ಮೂಗರಾಟ ಕಲಿಸ್ತೀರಾ? ಇನ್ಮೇಲೆ ಅವಳ ಮುಂದೆ ಕೂರ್ಬೇಡಿ.”

“ಒಸಿ ತಡಿ ಕಣಮ್ಮಿ. ಈಗ ದನಿ ಕೊಡ್ತೀನಿ.”

“ನೀವೇನು ಡಾಕ್ಟ್ರಾ?”

ಶಿವಲಿಂಗಮ್ಮ ಎದ್ದು ಹೋಗಿ ಸೊಪ್ಪು ಬಿಡಿಸಿದಳು. ಮತ್ತೆ ಮಗುವಿನೆದುರು ಕೂರಲಿಲ್ಲ. ಮಳೆಗಾಲದ ಹೊತ್ತಿಗೆ, ಬಾಯಾರಿದರೆ ದೀಪು ಕೊಡಕ್ಕೆ ತಲೆ ಚಚ್ಚಿಕೊಳ್ಳತೊಡಗಿದ್ದಳು.

*

“ಚಟ್ಟ ಎತ್ತೋ ಹೊತ್ತಾಯ್ತು, ಏನ್ ಮಾಡ್ತಿದ್ದೀಯ?” ನಟರಾಜು ಮತ್ತೆ ಕೂಗಿದ.

ಸೌಮ್ಯ ನೆಲಕ್ಕೆ ಹೊಟ್ಟೆ ಹಚ್ಚಿ ಮಂಚದಡಿ ತೂರಿದಳು. ಮುಖಕ್ಕೆ ಮುಖ ಬಂತು. ದನಿ ಮಾಡದೆ, ನಿಧಾನಕ್ಕೆ ‘ಅಜ್ಜಿ’ ಎಂದು ತುಟಿ ಆಡಿಸಿದಳು. ದೀಪು ಗೋಡೆ ನೋಡುತ್ತಿದ್ದಳು. ಇನ್ನೊಮ್ಮೆ. ಮತ್ತೊಮ್ಮೆ. ಐದನೆಯ ಸಲಕ್ಕೆ ಮಗುವಿನ ಕಣ್ಣು ಗೋಡೆಯಿಂದ ಅವಳ ಬಾಯಿಗೆ ಬಂದು ನಿಂತಿತು.

‘ಅಜ್ಜಿ ಇಲ್ಲ.’

ಆಮೇಲೆ ದನಿ ಸೇರಿಸಿದಳು. “ಅಜ್ಜಿ ಇಲ್ಲ. ಇನ್ ಬರಾಕಿಲ್ಲ.”

ದೀಪು ಕಿವಿಯಿಂದ ಒಂದು ಕೈ ತೆಗೆದಳು. ಅಂಗೈಯನ್ನು ತಾಯಿಯ ಬಾಯಿಗೆ ಅಡ್ಡ ಹಿಡಿದು ಒತ್ತಿದಳು. ಒಳತುಟಿ ಹಲ್ಲಿಗೆ ಸಿಕ್ಕಿ ನಾಲಗೆ ಉಪ್ಪುಪ್ಪಾಯಿತು. ದೀಪು ಇನ್ನೂ ಒತ್ತಿದಳು.